ನೆನಪಿನ ಪುಸ್ತಕ ಮಾಡುವವರಿಗೆ ಏಳು ಪಾಠ

ಕಾಮಾಕ್ಷಿಪಾಳ್ಯದಲ್ಲಿ ಒಂದು ಪಕ್ಕ ಲೇತ್ ಮಷಿನ್, ಇನ್ನೊಂದು ಪಕ್ಕ ಪೌಡರ್ ಕೋಟಿಂಗ್ ಶೆಡ್ಡು. ನಡುವಿನ ಹತ್ತಡಿ ಅಂಗಡಿಯಲ್ಲಿ ನನ್ನ ಡಿಟಿಪಿ ಕೆಲಸ. ಮದುವೆ ಪತ್ರಿಕೆ, ಬಿಲ್ ಬುಕ್ಕು ದಿನದ ಅನ್ನ ಕೊಡುತ್ತವೆ. ಆದರೆ ಇಪ್ಪತ್ತು ವರ್ಷಗಳಿಂದ ನಾನು ಮನಸ್ಸಿಟ್ಟು ಮಾಡುತ್ತ ಬಂದದ್ದು ಸಂಸ್ಮರಣ ಸಂಚಿಕೆಗಳನ್ನು. ಸರ್ಕಾರಿ ನೌಕರಿ ಮಾಡಿ, ಸಂಸಾರ ತೂಗಿಸಿ, ಬೀರು ತುಂಬ ಪುಸ್ತಕ ಬಿಟ್ಟುಹೋದ ಅಪ್ಪನ ನೆನಪಿಗೆ ಒಂದು ಪುಸ್ತಕ ಮಾಡಿಕೊಡಿ ಎಂದು ಮಕ್ಕಳು ಬರುತ್ತಾರೆ. ಆ ಕೆಲಸ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಲೇಖನ ಕೇಳಬೇಡಿ, ಮಾತು ಕೇಳಿ

ಲೇಖನ ಬರೆದುಕೊಡಿ ಎಂದರೆ ಹತ್ತರಲ್ಲಿ ಎಂಟು ಜನ ‘ಸರಳ, ಸಜ್ಜನ, ನಿಗರ್ವಿ’ ಎಂದು ಬರೆದು ಕಳಿಸುತ್ತಾರೆ. ಸುಳ್ಳಲ್ಲ, ಆದರೆ ಆ ಮಾತು ಯಾರಿಗಾದರೂ ಸಲ್ಲುತ್ತದೆ. ಈಗ ನಾನು ಎದುರಿಗೆ ಕೂತು ಕೇಳುತ್ತೇನೆ: ಅವರು ಸಿಟ್ಟಾದದ್ದು ಯಾವಾಗ? ಊಟಕ್ಕೆ ಕೂತಾಗ ಯಾರಾದರೂ ಅರ್ಜಿ ಹಿಡಿದು ಬಂದರೆ ಏನು ಮಾಡುತ್ತಿದ್ದರು? ಇಂಥ ಪ್ರಶ್ನೆಗೆ ಮನುಷ್ಯ ಎದ್ದು ಬರುತ್ತಾನೆ.

2. ಪುಸ್ತಕಗಳ ಮೊದಲ ಹಾಳೆ ತಿರುವಿ ನೋಡಿ

ಕಂದಾಯ ಇಲಾಖೆಯಲ್ಲಿದ್ದ ಒಬ್ಬರ ಸಂಚಿಕೆ ಮಾಡುವಾಗ, ಅವರು ಯಾವ ವರ್ಷ ಎಲ್ಲಿದ್ದರು ಎಂಬ ಕಾಗದ ಮನೆಯಲ್ಲಿ ಸಿಗಲಿಲ್ಲ. ಮಕ್ಕಳ ಲೆಕ್ಕ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬೀರು ತೆಗೆದು ಕೂತೆ. ಪ್ರತಿ ಪುಸ್ತಕದ ಮೊದಲ ಹಾಳೆಯ ಮೂಲೆಯಲ್ಲಿ ನೀಲಿ ಶಾಯಿಯ ಮೂರು ಸಾಲು: ಕೊಂಡ ತಾರೀಖು, ಕೊಟ್ಟ ದುಡ್ಡು, ಆಗ ಇದ್ದ ಊರು. ತಾರೀಖಿನ ಪ್ರಕಾರ ನೆಲದ ಮೇಲೆ ಜೋಡಿಸಿದೆ. ಪಾವಗಡ, ಮಧುಗಿರಿ, ಶಿರಾ, ಮತ್ತೆ ಪಾವಗಡ. ಮೂವತ್ತೆರಡು ವರ್ಷದ ವರ್ಗಾವಣೆಗಳೆಲ್ಲ ಸಾಲಾಗಿ ಕೂತವು.

1972ರ ಜಾಗದಲ್ಲಿ ಮಾತ್ರ ಒಂದು ಪುಸ್ತಕವೂ ಇರಲಿಲ್ಲ. ಅವರ ಹೆಂಡತಿಯನ್ನು ಕೇಳಿದೆ. “ಅದು ಬರದ ವರ್ಷ ಅಲ್ವೇನಪ್ಪ. ಬೆಳಗ್ಗೆ ಬರಗಾಲದ ಕಾಮಗಾರಿಗೆ ಹೋದ್ರೆ ಕೂಲಿ ಬಟವಾಡೆ ಮುಗಿಸಿ ರಾತ್ರಿಗೇ ಬರೋರು. ಜನ ಹಂಗಿರುವಾಗ ಪುಸ್ತಕ ಕೊಳ್ಳೋಕೆ ಕೈ ಬರಲ್ಲ ಅಂದ್ರು” ಎಂದರು. ಅವರ ಸೇವೆಯ ಬಗ್ಗೆ ಬಂದಿದ್ದ ಹನ್ನೆರಡು ಲೇಖನಗಳು ಹೇಳದ್ದನ್ನು ಆ ಖಾಲಿ ಜಾಗ ಹೇಳಿತು.

3. ಊರೂರು ತಿರುಗುವ ಕಥೆ ಸೇರಿಸಬೇಡಿ

ಸರ್ಕಾರದ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಓದಿಗೆ ಇನ್ನೊಂದು. ವಿಶ್ವೇಶ್ವರಯ್ಯನವರ ಬಗ್ಗೆ ಹೇಳುವ ಈ ಕಥೆ ನಾಡಿಗೆಲ್ಲ ಗೊತ್ತು. ಮೂರು ಬೇರೆ ಬೇರೆ ಅಧಿಕಾರಿಗಳ ಸಂಚಿಕೆಗೆ ಅದೇ ಕಥೆ ಹೆಸರು ಬದಲಾಯಿಸಿಕೊಂಡು ಬಂತು. ಬರೆದವರದು ಪ್ರೀತಿಯೇ. ಆದರೆ ಎರವಲು ಕಥೆ ಒಂದು ಸೇರಿದರೆ ಪಕ್ಕದ ನಿಜವನ್ನೂ ಓದುಗ ನಂಬುವುದಿಲ್ಲ. ‘ನೀವು ಕಣ್ಣಾರೆ ಕಂಡದ್ದೇ?’ ಎಂದು ಕೇಳಿ. ಅಲ್ಲ ಎಂದರೆ ಬಿಡಿ.

4. ಮನೆಯವರ ಹೆಸರು ಅಚ್ಚಾಗಲಿ

ಇದು ನಾನು ತಪ್ಪಿ ಕಲಿತ ಪಾಠ. ಮೊದಮೊದಲು ಮಾಡಿದ ಒಂದು ಸಂಚಿಕೆ 96 ಪುಟದ್ದು. ಬಿಡುಗಡೆಯಾದ ಮಾರನೇ ದಿನ ಆ ಮನೆಗೆ ಹೋಗಿದ್ದೆ. ತೀರಿಕೊಂಡವರ ಹೆಂಡತಿ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವುತ್ತಿದ್ದರು. ಕೊನೆಗೆ ತಲೆ ಎತ್ತಿ, “ನನ್ನ ಹೆಸರು ಎಲ್ಲಿದೆ ಮಗ?” ಅಂದರು. ‘ಧರ್ಮಪತ್ನಿ’ ಎಂದು ಏಳು ಕಡೆ ಇತ್ತು. ಹೆಸರು ಒಂದು ಕಡೆಯೂ ಇರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸಾರ್ವಜನಿಕ ಸೇವೆಯ ಖರ್ಚು ಬೀಳುವುದು ಮನೆಯ ಮೇಲೆ. ಡಿ.ವಿ.ಜಿ.ಯವರನ್ನು ನೆನೆದಾಗ ಪತ್ರಿಕೆ, ಬೆಂಗಳೂರಿನ ಪುರಸಭೆ, ಸಾಹಿತ್ಯ ಪರಿಷತ್ತು, ಕಗ್ಗ ಎಲ್ಲ ಬಾಯಿಗೆ ಬರುತ್ತವೆ. ಅವರ ಪತ್ನಿ ಭಾಗೀರಥಮ್ಮ 1924ರಲ್ಲಿ ತೀರಿಕೊಂಡರು. ಆಗ ಡಿ.ವಿ.ಜಿ.ಗೆ 37 ವರ್ಷ. ಮರುಮದುವೆಯಾಗದೆ ಮಕ್ಕಳನ್ನು ಬೆಳೆಸಿದರು. ತಂದೆಗೆ 1967ರಲ್ಲಿ, ಸಸ್ಯವಿಜ್ಞಾನಿಯಾದ ಮಗ ಬಿ.ಜಿ.ಎಲ್. ಸ್ವಾಮಿಯವರಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಸಾಲಿನ ನಡುವೆ ಭಾಗೀರಥಮ್ಮನವರ ಹೆಸರು ಬಾರದಿದ್ದರೆ ಆ ಮನೆಯ ಕಥೆ ಅರ್ಧವೇ.

5. ಹುದ್ದೆಗಳ ಪಟ್ಟಿಯೇ ಬದುಕಲ್ಲ

ನಿಟ್ಟೂರು ಶ್ರೀನಿವಾಸರಾಯರು (1903–2004) ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು, ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರು. ಇಷ್ಟೇ ಬರೆದರೆ ಅದು ಸರ್ವಿಸ್ ರಿಜಿಸ್ಟರ್. ಸತ್ಯಶೋಧನ ಸಂಸ್ಥೆ ಕಟ್ಟಿ ಕನ್ನಡ ಪುಸ್ತಕಗಳನ್ನು ಪ್ರಕಟಿಸಿದವರೂ ಅವರೇ ಎಂಬುದು ಸೇರಿದಾಗ ಮನುಷ್ಯ ಪೂರ್ತಿಯಾಗಿ ಕಾಣುತ್ತಾರೆ.

ಹಾಗೆಯೇ ದೊಡ್ಡವರ ಸಂದೇಶಗಳಿಗೆ ಮೊದಲ ಇಪ್ಪತ್ತು ಪುಟ ಬಿಟ್ಟುಕೊಡಬೇಡಿ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ನೋಡಿ. ಮೈಸೂರಿನ ದಿವಾನರಿಗೆ ಒಂದು ಸಂಪುಟ ಇರುವ ಹಾಗೆಯೇ ಕಲೋಪಾಸಕರಿಗೆ, ವೈದಿಕರಿಗೆ, ಹೃದಯ ದೊಡ್ಡದಿದ್ದವರಿಗೆ ಒಂದೊಂದು ಸಂಪುಟ ಇದೆ. ನಮ್ಮ ಸಂಚಿಕೆಯಲ್ಲೂ ಆಫೀಸಿನ ಜವಾನರಿಗೆ, ಹಾಲು ಹಾಕುತ್ತಿದ್ದವರಿಗೆ, ಪುಸ್ತಕ ಕಟ್ಟಿಕೊಡುತ್ತಿದ್ದ ಬೈಂಡರಿಗೆ ಜಾಗ ಇರಬೇಕು. ಬರೆಯಲು ಬಾರದಿದ್ದರೆ ಅವರ ಬಾಯಿಂದ ಕೇಳಿ ನೀವು ಬರೆದುಕೊಳ್ಳಿ.

6. ತಿಥಿಗೆ ಮುಗಿಸಲು ಓಡಬೇಡಿ

ಹನ್ನೊಂದನೇ ದಿನಕ್ಕೆ ಪುಸ್ತಕ ಬೇಕು ಎಂದರೆ ನಾನು ಒಪ್ಪುವುದಿಲ್ಲ. ವರ್ಷದ ತಿಥಿಗೆ ಇಟ್ಟುಕೊಳ್ಳಿ. ಮಾತು ಸಂಗ್ರಹವನ್ನು ಮಾತ್ರ ಇವತ್ತೇ ಶುರುಮಾಡಿ, ಒಡನಾಡಿಗಳೂ ವಯಸ್ಸಾದವರೇ. ಅಚ್ಚಿನ ಒಂದು ಫಾರಮ್ಮಿಗೆ 16 ಪುಟ, ಪುಟದ ಲೆಕ್ಕ ಅದಕ್ಕೆ ಹೊಂದಿಸಿ. ಹೆಸರು, ಇಸವಿ, ಊರುಗಳ ಪ್ರೂಫನ್ನು ಮನೆಯ ಇಬ್ಬರು ಬೇರೆ ಬೇರೆಯಾಗಿ ನೋಡಲಿ.

7. ಪುಸ್ತಕ ಮನೆಯಾಚೆಗೆ ಹೋಗಲಿ

500 ಪ್ರತಿ ಹಾಕಿಸಿ ಊಟದ ದಿನ ಹಂಚಿದರೆ ಮುಗಿಯಿತು ಎಂದುಕೊಳ್ಳಬೇಡಿ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯ ಪ್ರಕಾರ, ಪ್ರಕಟವಾದ 30 ದಿನದೊಳಗೆ ಒಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ತೀರಿಕೊಂಡವರು ಕೆಲಸ ಮಾಡಿದ ಊರುಗಳ ಗ್ರಂಥಾಲಯಗಳಿಗೂ ಒಂದೊಂದು ಕಳಿಸಿ. ಅವರ ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಓದುವವರ ಕೈಗೆ ಕೊಡಿ. 1970ರಲ್ಲಿ ಸನ್ಮಾನದ ಜೊತೆ ಬಂದ ನಿಧಿಯನ್ನು ಡಿ.ವಿ.ಜಿ. ತಾವೇ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ತಮಗೆ ಬಂದ ಗೌರವವನ್ನು ನಾಲ್ಕು ಜನ ಕೂತು ಓದುವ ಜಾಗವಾಗಿಸಿದರು.

ಕಂದಾಯ ಇಲಾಖೆಯವರ ಸಂಚಿಕೆ ಬೈಂಡಿಂಗ್ ಆಗಿ ಬಂದ ಸಂಜೆ ಮೊದಲ ಪ್ರತಿಯನ್ನು ಅವರ ಹೆಂಡತಿಯ ಕೈಗೆ ಕೊಟ್ಟೆ. ಮೂರನೇ ಪುಟದಲ್ಲಿ ಅವರ ಹೆಸರು, ಹುಟ್ಟಿದ ಊರು, ಓದಿದ ಶಾಲೆ ಎಲ್ಲ ಇತ್ತು. ಅದನ್ನು ಓದಿಕೊಂಡರು. ಆಮೇಲೆ ನನ್ನ ಪೆನ್ನು ಈಸಿಕೊಂಡು ಮೊದಲ ಹಾಳೆಯ ಮೂಲೆಯಲ್ಲಿ ಆ ದಿನದ ತಾರೀಖು ಬರೆದರು. ಬೆಲೆಯ ಜಾಗ ಖಾಲಿ ಬಿಟ್ಟು ಕೆಳಗೆ ಬರೆದರು: ಕಾಮಾಕ್ಷಿಪಾಳ್ಯ.

ಆ ಪ್ರತಿ ಈಗ ಅದೇ ಬೀರುವಿನಲ್ಲಿ, ಅವರ ಯಜಮಾನರು ಕೊಂಡ ಕೊನೆಯ ಪುಸ್ತಕದ ಪಕ್ಕದಲ್ಲಿದೆ.