ನಗರಸಭೆಯ ವಕೀಲರು ಯಾರ ಪರ?

ಊರಿನ ಜಾಗದ ದಾವೆಗಳನ್ನು ಮೊದಲ ವಾಯಿದೆಯಿಂದ ತೀರ್ಪಿನವರೆಗೆ ಹಿಂಬಾಲಿಸಿ ನೋಡಿದ ಮೇಲೆ ನನಗೆ ಖಚಿತವಾದ ಸಂಗತಿ ಒಂದಿದೆ. ನಗರಸಭೆ, ಪುರಸಭೆಗಳು ಕೇಸು ಸೋಲುವುದು ವಾದ ಮಂಡನೆಯ ದಿನ ಅಲ್ಲ, ವಕಾಲತ್ತುನಾಮೆಗೆ ಸಹಿ ಬೀಳುವ ದಿನ. ಆ ದಿನ ಕಚೇರಿ ತನ್ನ ವಕೀಲರನ್ನು ಕೇಳಲೇಬೇಕಾದ ಪ್ರಶ್ನೆ ಇದು: ಎದುರು ಪಕ್ಷದವರಿಗೂ ನಿಮಗೂ ವ್ಯವಹಾರವೋ, ನಂಟಸ್ತಿಕೆಯೋ, ಬೇರೆ ಕೇಸೋ ಇದೆಯೇ? ಯಾರೂ ಕೇಳುವುದಿಲ್ಲ. ಕೇಸು ಬಿದ್ದ ಮೇಲೆ ಊರೆಲ್ಲ ವಕೀಲರನ್ನು ಬೈಯುತ್ತದೆ. ನನ್ನ ಸಿಟ್ಟು ವಕೀಲರಿಗಿಂತ ಹೆಚ್ಚಾಗಿ, ಕೇಳುವ ಅಧಿಕಾರವೂ ಹೊಣೆಯೂ ಇದ್ದು ಕೇಳದೆ ಸಹಿ ಹಾಕುವ ಪೌರಾಯುಕ್ತರು, ಮುಖ್ಯಾಧಿಕಾರಿಗಳ ಮೇಲೆ. ಯಾವುದೋ ಒಂದು ಕಚೇರಿಯನ್ನು ಹೆಸರಿಸಿ ದೂರುವುದು ನನ್ನ ಉದ್ದೇಶವಲ್ಲ. ಅಧಿಕಾರಿ ಬದಲಾದರೂ ಬದಲಾಗದ ಈ ರೂಢಿಯನ್ನು ತೋರಿಸಬೇಕಾಗಿದೆ.

ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಿ ಈ ಪ್ರಶ್ನೆಗೆ ಬಳ್ಳಾರಿ ನಗರಕ್ಕಿಂತ ಹೆಚ್ಚು ತೂಕವಿದೆ. ತುಂಗಭದ್ರೆಯ ನೀರಿನಲ್ಲಿ ಬೆಳೆದ ಭತ್ತದ ಸುತ್ತಲೇ ಇಲ್ಲಿನ ಹಣ ಓಡಾಡುತ್ತದೆ. ರೈಸ್ ಮಿಲ್ಲಿನವರು, ದಲ್ಲಾಳಿ ಅಂಗಡಿಯವರು, ಪತ್ತಿನ ಸಂಘಗಳು, ಹೊಲವನ್ನು ಲೇಔಟ್ ಮಾಡಿ ಸೈಟು ಮಾರುವವರು, ಗುತ್ತಿಗೆದಾರರು, ಎಲ್ಲರೂ ಸುತ್ತಿ ಬಳಸಿ ಹೋಗುವುದು ಅದೇ ಬೆರಳೆಣಿಕೆಯ ಹಿರಿಯ ವಕೀಲರ ಕಚೇರಿಗಳಿಗೆ. ನಗರಸಭೆಯ ಕೇಸುಗಳಾದರೂ ಯಾರ ವಿರುದ್ಧ ಇರುತ್ತವೆ? ಬಾಡಿಗೆ ಬಾಕಿ ಉಳಿಸಿಕೊಂಡು ಮಳಿಗೆ ಹರಾಜಿಗೆ ತಡೆಯಾಜ್ಞೆ ತಂದವರು, ಉದ್ಯಾನದ ಜಾಗ ತಮ್ಮದೆನ್ನುವ ಲೇಔಟ್ ಮಾಲೀಕರು, ಬಿಲ್ಲು ಬಾಕಿ ಎನ್ನುವ ಗುತ್ತಿಗೆದಾರರು, ರಸ್ತೆಯ ಮೇಲೆ ಮೆಟ್ಟಿಲು ಇಳಿಸಿದವರು. ನಗರಸಭೆಯ ವಕೀಲರ ಮಾಮೂಲಿ ಕಕ್ಷಿದಾರರ ಪಟ್ಟಿಯಲ್ಲೇ ಅದರ ಎದುರಾಳಿಗಳೂ ಇರುವುದು ಸಹಜ. ಇದರಲ್ಲಿ ಯಾರ ಅಪ್ರಾಮಾಣಿಕತೆಯೂ ಇಲ್ಲ, ಸಣ್ಣ ಊರಿನ ಸ್ಥಿತಿಯೇ ಹಾಗೆ. ಸಹಜವಾದದ್ದು ಎಂಬ ಕಾರಣಕ್ಕೇ ಅದನ್ನು ಕಾಗದದ ಮೇಲೆ ತರಬೇಕು.

ಕಾನೂನು ಈ ವಿಚಾರದಲ್ಲಿ ಪೂರಾ ಮೌನವಾಗಿಲ್ಲ. ಹಳ್ಳಿಗಳ ಮಟ್ಟಿಗೆ ನೋಡಿದರೆ, 1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಪ್ರಕರಣದ ಪ್ರಕಾರ, ಗ್ರಾಮ ಪಂಚಾಯಿತಿಯಿಂದ ಫೀಸು ಪಡೆದು ಅದರ ಪರ ವಕಾಲತ್ತು ನಡೆಸುವವರೂ, ಅದರ ವಿರುದ್ಧ ವಕಾಲತ್ತು ವಹಿಸುವವರೂ ಅದರ ಸದಸ್ಯರಾಗಿರುವಂತಿಲ್ಲ. ಸದಸ್ಯರ ಮಟ್ಟದಲ್ಲಿ ಶಾಸನ ಇಷ್ಟು ಕಟ್ಟುನಿಟ್ಟು. ಹೊರಗಿನ ವಕೀಲರ ಸಂಗತಿ ಮಾತ್ರ ಭಾರತೀಯ ವಕೀಲರ ಪರಿಷತ್ತಿನ ನಡವಳಿಕೆ ನಿಯಮಗಳಿಗೆ ಬಿಟ್ಟಿದ್ದು. ಆ ನಿಯಮಗಳಲ್ಲಿ 33ನೆಯದು, ಒಬ್ಬರಿಗೆ ದಾವೆ ಬರೆದುಕೊಟ್ಟ ಅಥವಾ ಅದರ ಬಗ್ಗೆ ಸಲಹೆ ಕೊಟ್ಟ ವಕೀಲರು ಅದೇ ವ್ಯಾಜ್ಯದಲ್ಲಿ ಎದುರಾಳಿಯ ಪರ ನಿಲ್ಲಬಾರದು ಎನ್ನುತ್ತದೆ. ಜನ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತಾರೆ. ಆದರೆ ನಮ್ಮ ಊರುಗಳ ತೊಡಕು ಅದೇ ವ್ಯಾಜ್ಯದ್ದಲ್ಲ. ಲೇಔಟ್ ಮಾಲೀಕರ ಪಾಲುವಿಭಾಗದ ದಾವೆ ನಡೆಸುತ್ತಿರುವ ವಕೀಲರೇ, ಅದೇ ಮಾಲೀಕರ ವಿರುದ್ಧ ಉದ್ಯಾನದ ಜಾಗಕ್ಕಾಗಿ ನಗರಸಭೆಯ ಪರ ನಿಂತರೆ 33ನೇ ನಿಯಮಕ್ಕೆ ಮುಟ್ಟುವುದಿಲ್ಲ. ಮುಟ್ಟುವುದು 14ನೇ ನಿಯಮ. ಪಕ್ಷಗಾರರೊಂದಿಗೆ ತನಗಿರುವ ಸಂಬಂಧವನ್ನೂ ವ್ಯಾಜ್ಯದಲ್ಲಿರುವ ಹಿತವನ್ನೂ, ತನ್ನನ್ನು ನೇಮಿಸಬೇಕೇ ಬೇಡವೇ ಎಂಬ ಕಕ್ಷಿದಾರರ ತೀರ್ಮಾನಕ್ಕೆ ಅದು ತಾಕುವಂತಿದ್ದರೆ, ವಕೀಲರು ಮೊದಲೇ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂಬುದು ಅದರ ತಾತ್ಪರ್ಯ. ಇಲ್ಲಿ ಕಕ್ಷಿದಾರರು ಯಾರು? ನಗರಸಭೆ. ಅದರ ಕಿವಿ ಯಾವುದು? ಪೌರಾಯುಕ್ತರ ಮೇಜು. ಆ ಮೇಜಿನ ಮೇಲೆ ಇಂಥ ಮಾಹಿತಿಗೆ ಒಂದು ನಮೂನೆ ಇಲ್ಲ, ಅದನ್ನು ಇಡಲು ಒಂದು ಕಡತ ಇಲ್ಲ. ಅಮೆರಿಕದ ವಕೀಲರ ಮಾದರಿ ನಿಯಮಗಳು ಇಂಥ ಸಂದರ್ಭದಲ್ಲಿ ಕಕ್ಷಿದಾರರ ತಿಳಿದುಕೊಟ್ಟ ಒಪ್ಪಿಗೆ ಲಿಖಿತವಾಗಿ ದಾಖಲಾಗಬೇಕೆನ್ನುತ್ತವೆ. ನಮ್ಮ ನಿಯಮ ತಿಳಿಸಬೇಕು ಎನ್ನುತ್ತದೆ, ಬರೆದಿಡಬೇಕು ಎನ್ನುವುದಿಲ್ಲ. ಜಾಗ ಕೈತಪ್ಪುವುದು ಈ ಸಂದಿನಲ್ಲೇ.

ಕೈತಪ್ಪುವ ದಿನ ಹೇಗಿರುತ್ತದೆ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಯಾರೂ ತಪ್ಪು ಮಾಡಿದಂತೆ ಕಾಣುವುದೇ ಇಲ್ಲ. ದಾವೆ ಬಿದ್ದಿರುತ್ತದೆ, ತಾತ್ಕಾಲಿಕ ತಡೆಯಾಜ್ಞೆ ಬಂದಿರುತ್ತದೆ. ನಗರಸಭೆ ತಕರಾರು ಸಲ್ಲಿಸಲು ದಿವಾಣಿ ಸಂಹಿತೆ ಕೊಡುವುದು 30 ದಿನ, ಕಾರಣ ತೋರಿಸಿದರೆ 90 ದಿನದವರೆಗೆ. ಕೇಸಿನ ಕಟ್ಟು ಕೂಗಿದಾಗ ನಗರಸಭೆಯ ವಕೀಲರು ಎದ್ದು ನಿಂತು ಸಮಯ ಕೇಳುತ್ತಾರೆ. ಆದೇಶದ ಹಾಳೆಯಲ್ಲಿ ಒಂದು ಸಾಲು ಬೀಳುತ್ತದೆ: ವಕೀಲರು ಹಾಜರು, ತಕರಾರು ಇಲ್ಲ, ಸಮಯ ಕೋರಿಕೆ. ಮುಂದಿನ ವಾಯಿದೆಗೆ ಅದೇ ಸಾಲು. ಕಚೇರಿಗೆ ಹೋಗಿ ಕೇಳಿದರೆ, ಕೇಸು ವಕೀಲರ ಹತ್ತಿರ ಇದೆ, ಅವರನ್ನೇ ಕೇಳಿ ಎನ್ನುತ್ತಾರೆ. ವಕೀಲರನ್ನು ಕೇಳಿದರೆ, ಕಚೇರಿಯಿಂದ ಕಂಡಿಕೆವಾರು ಉತ್ತರವೇ ಬಂದಿಲ್ಲ ಎನ್ನುತ್ತಾರೆ. ಎರಡೂ ನಿಜವೇ ಆಗಿರಬಹುದು. ಗೆಲ್ಲಿಸಬಹುದಾದ ಕಾಗದಗಳು ಎರಡೇ: ಉದ್ಯಾನವನ್ನು ಹಸಿರು ಬಣ್ಣದಲ್ಲಿ ತೋರಿಸಿದ ಅನುಮೋದಿತ ನಕ್ಷೆ, ಮತ್ತು ಉದ್ಯಾನ, ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ. ಅವೆರಡೂ ನಗರಸಭೆಯ ಬೀರುವಿನಲ್ಲೇ ಇರುತ್ತವೆ, ಕೋರ್ಟಿಗೆ ಬರುವುದಿಲ್ಲ. ಕೊನೆಗೊಂದು ದಿನ ತಕರಾರಿನ ಅವಕಾಶ ಮುಗಿಯಿತೆಂದು ದಾಖಲಾಗುತ್ತದೆ, ವಾದಿಯ ಸಾಕ್ಷ್ಯವಾಗುತ್ತದೆ, ಪಾಟೀಸವಾಲು ಇಲ್ಲ ಎಂದು ಬರೆಯಲಾಗುತ್ತದೆ, ತಡೆಯಾಜ್ಞೆ ಕಾಯಂ ಆಗುತ್ತದೆ. ನ್ಯಾಯಾಧೀಶರು ತಮ್ಮ ಮುಂದಿರುವುದನ್ನೇ ನೋಡಿ ತೀರ್ಪು ಕೊಡಬೇಕು, ಕೊಟ್ಟಿರುತ್ತಾರೆ. ಮಕ್ಕಳು ಆಡುತ್ತಿದ್ದ ಜಾಗಕ್ಕೆ ಕಾಂಪೌಂಡು ಏಳುತ್ತದೆ. ನನ್ನನ್ನು ಇವತ್ತಿಗೂ ಕಾಡುವುದು ಸೋಲಿಗಿಂತ ಹೆಚ್ಚಾಗಿ ಈ ನಿಶ್ಶಬ್ದ. ವಕೀಲರ ಆ ಮೌನ ಸೋಮಾರಿತನದ್ದೋ, ಕಚೇರಿಯ ಅಸಡ್ಡೆಯದ್ದೋ, ಎದುರಾಳಿಯ ದಾಕ್ಷಿಣ್ಯದ್ದೋ ಎಂದು ಆಮೇಲೆ ಯಾರೂ ಸಾಬೀತು ಮಾಡಲಾಗುವುದಿಲ್ಲ. ಮೊದಲೇ ಬರೆಸಿಕೊಂಡಿದ್ದರೆ ಕೊನೆಯ ಅನುಮಾನವಾದರೂ ತೀರುತ್ತಿತ್ತು.

ಮೇಲ್ಮನವಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ ಗಡುವು. ನಮ್ಮ ಜಿಲ್ಲೆಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. ಅಲ್ಲಿಗೆ ಬೇರೆ ವಕೀಲರು, ಬೇರೆ ಠರಾವು, ಬೇರೆ ಮಂಜೂರಾತಿ. ಕಡತ ಹೊರಡುವಷ್ಟರಲ್ಲಿ ಗಡುವು ಮೀರಿರುತ್ತದೆ. ಸರ್ಕಾರಿ ಕಚೇರಿ ಎಂಬ ಕಾರಣಕ್ಕೆ ವಿಳಂಬ ಮನ್ನಿಸುವ ಕಾಲವೂ ಹೋಯಿತು. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟ್ ಮನ್ನಿಸಲಿಲ್ಲ.

ಇನ್ನೂ ಗಹನವಾದ ಸಂಗತಿ, ವಕೀಲರನ್ನು ಆರಿಸುವವರ ಹಿತಾಸಕ್ತಿಯದು. ಅಧ್ಯಕ್ಷರ ಬಂಧುವೇ ವಾದಿಯಾಗಿದ್ದರೆ? ಪೌರಾಯುಕ್ತರು ತಾವೇ ಹೊರಡಿಸಿದ ಆದೇಶದ ಬಗ್ಗೆ ಕೇಸಿದ್ದರೆ? ಆಗ ವಕೀಲರು ಎಷ್ಟೇ ಶುದ್ಧರಿದ್ದರೂ ನೇಮಕವೇ ಕೆಟ್ಟಿರುತ್ತದೆ. ಇದು ನನ್ನ ಕಲ್ಪನೆಯ ಭಯವಲ್ಲ. ಕರ್ನಾಟಕದ ನೆಲದಲ್ಲೇ ನಡೆದ ದೊಡ್ಡ ಉದಾಹರಣೆ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ತಮಿಳುನಾಡಿನಲ್ಲಿ ಅವರದೇ ಸರ್ಕಾರವಿರುವಾಗ ವಿಚಾರಣೆ ನ್ಯಾಯವಾಗಿ ನಡೆಯದೆಂದು 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ ಮೇಲೆ, ಹೈಕೋರ್ಟಿನ ಮೇಲ್ಮನವಿಯಲ್ಲಿ ಅಭಿಯೋಜನೆಯ ಪರ ನಿಲ್ಲಲು ಭವಾನಿ ಸಿಂಗ್ ಅವರನ್ನು ನೇಮಿಸಿದ್ದು ತಮಿಳುನಾಡು ಸರ್ಕಾರ, ಅಂದರೆ ಅಪರಾಧಿಯ ಪಕ್ಷದ ಆಡಳಿತ. 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಆ ನೇಮಕಕ್ಕೆ ತಮಿಳುನಾಡಿಗೆ ಅಧಿಕಾರವೇ ಇರಲಿಲ್ಲ ಎಂದಿತು. ಅಷ್ಟರಲ್ಲಿ ಹೈಕೋರ್ಟಿನಲ್ಲಿ ಮೌಖಿಕ ವಾದ ಮುಗಿದಿತ್ತು. ಮರುವಿಚಾರಣೆಯ ಆದೇಶ ಬರಲಿಲ್ಲ. ಕರ್ನಾಟಕಕ್ಕೆ ಸಿಕ್ಕಿದ್ದು ಲಿಖಿತ ವಾದ ಸಲ್ಲಿಸುವ ಅವಕಾಶ. ಅದನ್ನು ಸಲ್ಲಿಸಿದವರು ಬಿ.ವಿ. ಆಚಾರ್ಯ. ಇದೇ ಆಚಾರ್ಯರು ಹಿಂದೆ ಈ ಪ್ರಕರಣದ ವಿಶೇಷ ಅಭಿಯೋಜಕರಾಗಿದ್ದಾಗಲೇ ರಾಜ್ಯದ ಅಡ್ವೊಕೇಟ್ ಜನರಲ್ ಕೂಡ ಆಗಿದ್ದರು. ಎರಡು ಹುದ್ದೆ ಒಬ್ಬರಲ್ಲಿರಬಹುದೇ ಎಂದು ಪ್ರಶ್ನೆ ಎದ್ದಾಗ 2012ರಲ್ಲಿ ಅಡ್ವೊಕೇಟ್ ಜನರಲ್ ಹುದ್ದೆಯನ್ನು ಬಿಟ್ಟರು. ಅವರ ಮೇಲೆ ಕಳಂಕವೇನೂ ಇರಲಿಲ್ಲ. ಪ್ರಶ್ನೆ ಬಹಿರಂಗವಾಗಿ ಎದ್ದದ್ದರಿಂದ ಉತ್ತರವೂ ಬಹಿರಂಗವಾಗಿ ಸಿಕ್ಕಿತು. ರಾಜ್ಯದ ಅತ್ಯುನ್ನತ ಕಾನೂನು ಹುದ್ದೆಗೆ ಕೇಳಿದ ಪ್ರಶ್ನೆಯನ್ನು ಪುರಸಭೆಯ ವಕೀಲರಿಗೆ ಕೇಳಿದರೆ ಅವಮಾನ ಹೇಗಾದೀತು?

ಅವಮಾನವಲ್ಲ, ಅಸಾಧ್ಯ ಎನ್ನುವವರಿದ್ದಾರೆ. ಇರುವುದೇ ನಾಲ್ಕು ಜನ ವಕೀಲರು, ಎಲ್ಲರಿಗೂ ಎಲ್ಲರ ಸಂಬಂಧವಿದೆ, ಹೀಗೆ ಸೋಸುತ್ತ ಹೋದರೆ ಕೊನೆಗೆ ಯಾರು ಸಿಗುತ್ತಾರೆ ಎಂಬ ಆಕ್ಷೇಪ. ನ್ಯಾಯವಾದ ಆಕ್ಷೇಪವೇ. ಆದರೆ ನಾನು ಕೇಳುತ್ತಿರುವುದು ಬಹಿಷ್ಕಾರವನ್ನಲ್ಲ, ಕೇಸುವಾರು ಘೋಷಣೆಯನ್ನು. ಸಂಬಂಧವಿದ್ದ ಒಂದು ಕೇಸು ಬೇರೆಯವರಿಗೆ ಹೋಗಲಿ, ಉಳಿದವು ಅವರ ಬಳಿಯೇ ಇರಲಿ. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಒಂದು ಕೇಸಿಗೆ ಅಲ್ಲಿಂದ ವಕೀಲರನ್ನು ಕರೆಸುವ ಖರ್ಚು, ಒಂದು ಉದ್ಯಾನದ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ಫೀಸು ಕಡಿಮೆ, ಷರತ್ತು ಹೆಚ್ಚಿಸಿದರೆ ಯಾರೂ ಬರುವುದಿಲ್ಲ ಎಂಬ ಇನ್ನೊಂದು ಮಾತಿದೆ. ಇದನ್ನು ನಾನು ಅರ್ಧ ಒಪ್ಪುತ್ತೇನೆ: ನಗರಸಭೆಗಳು ಕೊಡುವ ಫೀಸು ನಾಚಿಕೆಗೇಡಿನದು, ಅದನ್ನೂ ವರ್ಷಗಟ್ಟಲೆ ಬಾಕಿ ಇಡುತ್ತಾರೆ. ಆದರೆ ಕಡಿಮೆ ಫೀಸಿಗೂ ಪ್ಯಾನಲ್ ಸೇರಲು ಪೈಪೋಟಿ ಇದ್ದರೆ, ಫೀಸಲ್ಲದೆ ಇನ್ನೇನು ದೊರೆಯುತ್ತಿದೆ ಎಂದು ಕೇಳಲೇಬೇಕಾಗುತ್ತದೆ. ಫೀಸು ಹೆಚ್ಚಿಸಿ, ಹೊತ್ತಿಗೆ ಸರಿಯಾಗಿ ಕೊಡಿ, ಜೊತೆಗೆ ಘೋಷಣೆಯನ್ನೂ ಪಡೆಯಿರಿ.

ವಕೀಲರ ಪರಿಷತ್ತಿಗೆ ದೂರು ಕೊಡಬಹುದಲ್ಲ ಎನ್ನುವುದು ಅಧಿಕಾರಿಗಳಿಗೆ ಬಹಳ ಪ್ರಿಯವಾದ ಉತ್ತರ. 1961ರ ವಕೀಲರ ಕಾಯ್ದೆಯ 35ನೇ ಪ್ರಕರಣದಲ್ಲಿ ಪರಿಷತ್ತು ವಾಗ್ದಂಡನೆ ಕೊಡಬಹುದು, ಸನ್ನದನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಹೋದ ಜಾಗವನ್ನು ವಾಪಸು ತಂದುಕೊಡುವ ಅಧಿಕಾರ ಅದಕ್ಕಿಲ್ಲ. ಗೋಪ್ಯತೆಯ ನೆಪವೂ ನಿಲ್ಲುವುದಿಲ್ಲ: ವಕೀಲರು ಕೊಟ್ಟ ಸಲಹೆ ಗೋಪ್ಯ, ಯಾವ ಕೇಸಿಗೆ ಯಾರು ವಕೀಲರು ಎಂಬುದು ಗೋಪ್ಯವಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ಸಂಖ್ಯೆ ಹಾಕಿದರೆ ಎರಡೂ ಪಕ್ಷದ ವಕೀಲರ ಹೆಸರು, ಮುಂದಿನ ವಾಯಿದೆ, ಹಿಂದಿನ ಆದೇಶ ಎಲ್ಲವೂ ಮೊಬೈಲಿನಲ್ಲೇ ಕಾಣುತ್ತದೆ. ನಿಮ್ಮ ಬೀದಿಯ ಜಾಗದ ಕೇಸಿದ್ದರೆ ಇವತ್ತೇ ನೋಡಿ, ತೀರ್ಪಿನ ತನಕ ಕಾಯಬೇಡಿ. ಎರಡು ವಾಯಿದೆಗಳಲ್ಲಿ ಸಮಯ ಕೋರಿಕೆ ಎಂದಿದ್ದರೆ ಪೌರಾಯುಕ್ತರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ವಕೀಲರ ನೇಮಕದ ಟಿಪ್ಪಣಿ, ಕಂಡಿಕೆವಾರು ಉತ್ತರ ಕಳಿಸಿದ ದಿನಾಂಕ, ಪಾವತಿಸಿದ ಫೀಸು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.

2016ರಲ್ಲಿ ಪಂಜಾಬ್ ಸರ್ಕಾರದ ಕಾನೂನು ಅಧಿಕಾರಿಗಳ ನೇಮಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ತನ್ನ ವಕೀಲರನ್ನು ಮನಸೋ ಇಚ್ಛೆ ಆರಿಸುವಂತಿಲ್ಲ, ಸಾರ್ವಜನಿಕ ಹಿತವೇ ಅದಕ್ಕೆ ಅಳತೆ ಎಂದು ಹೇಳಿದೆ. ಅದನ್ನು ಪಾಲಿಸಲು ಬೆಂಗಳೂರಿನಿಂದ ಸುತ್ತೋಲೆ ಬರಲೆಂದು ಕಾಯಬೇಕಾಗಿಲ್ಲ. ಸಿರುಗುಪ್ಪ ನಗರಸಭೆ, ಕುರುಗೋಡು ಪುರಸಭೆ, ತೆಕ್ಕಲಕೋಟೆ ಪಟ್ಟಣ ಪಂಚಾಯಿತಿಯ ವಾರ್ಡುಗಳ ಪ್ರತಿನಿಧಿಗಳಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಂಡಿಸಿ: ಎದುರು ಪಕ್ಷದೊಂದಿಗೆ ತನಗಿರುವ ಸಂಬಂಧದ ಬಗ್ಗೆ ವಕೀಲರು ಸಹಿ ಮಾಡಿದ ಘೋಷಣೆ ಕಡತದಲ್ಲಿಲ್ಲದೆ ವಕಾಲತ್ತುನಾಮೆಗೆ ಪೌರಾಯುಕ್ತರಾಗಲಿ ಮುಖ್ಯಾಧಿಕಾರಿಯಾಗಲಿ ಸಹಿ ಹಾಕಬಾರದು, ಕೇಸಿನಲ್ಲಿ ಸ್ವಂತ ಹಿತ ಇರುವ ಸದಸ್ಯರು, ಅಧಿಕಾರಿಗಳು ವಕೀಲರ ಆಯ್ಕೆಯಿಂದ ಹೊರಗುಳಿಯಬೇಕು. ಯಾರಾದರೂ ವಿರೋಧಿಸಿದರೆ, ವಿರೋಧಿಸಿದವರ ಹೆಸರನ್ನು ನಡಾವಳಿಯಲ್ಲಿ ಬರೆಸಿ.