ದೂರಿಗೊಂದು ನಂಬರ್ ಇರಲಿ: ಮನೆಯ ಬ್ರಾಡ್‌ಬ್ಯಾಂಡ್ ಮತ್ತು ಗ್ರಾಹಕರ ಹಕ್ಕು

ನಮ್ಮ ಎಷ್ಟೋ ಊರುಗಳಲ್ಲಿ ಇಂಟರ್ನೆಟ್ ಮನೆಗೆ ಬಂದದ್ದು ಟಿವಿ ಕೇಬಲ್ ಬಂದ ದಾರಿಯಲ್ಲೇ. ಕಂಬ ಅದೇ, ತಂತಿ ಎಳೆಯುವ ಹುಡುಗರೂ ಅವರೇ, ತಿಂಗಳ ಹಣಕ್ಕೆ ಬರುವವರೂ ಅವರೇ. ಲೈನ್ ಹೋದರೆ ಅವರ ಮೊಬೈಲಿಗೇ ಫೋನ್ ಮಾಡುತ್ತೇವೆ. ‘ಸಂಜೆ ಬರ್ತೀನಿ ಸಾರ್’ ಅನ್ನುತ್ತಾರೆ. ಬರದಿದ್ದರೆ ಮರುದಿನ ಮತ್ತೊಂದು ಫೋನ್. ಹೀಗೇ ವಾರ ಕಳೆದು, ಮಗಳ ಆನ್‌ಲೈನ್ ಪರೀಕ್ಷೆಯೋ ಮಗನ ಕಚೇರಿ ಕೆಲಸವೋ ಕೆಟ್ಟ ಮೇಲೆ ಕಾನೂನಿನ ನೆನಪಾಗುತ್ತದೆ. ಆಗ ವಕೀಲರು ಕೇಳುವ ಮೊದಲ ಪ್ರಶ್ನೆ: ಕಂಪನಿಗೆ ದೂರು ಕೊಟ್ಟಿದ್ದೀರಾ, ಅದರ ನಂಬರ್ ಎಷ್ಟು? ಹೆಚ್ಚಿನವರ ಬಳಿ ಇದಕ್ಕೆ ಉತ್ತರವಿರುವುದಿಲ್ಲ.

ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ನಮ್ಮ ಕಾನೂನು ಕೊಟ್ಟಿರುವ ರಕ್ಷಣೆ ಕಡಿಮೆಯೇನಲ್ಲ. ಆದರೆ ಅದು ಲೆಕ್ಕಕ್ಕೆ ಬರುವುದು ಪರವಾನಗಿ ಪಡೆದ ಕಂಪನಿಯ ಮುಂದೆ ದೂರು ದಾಖಲಾದ ಕ್ಷಣದಿಂದ. ಕೇಬಲ್‌ನವರಿಗೆ ಮಾಡಿದ ಹತ್ತು ಕರೆಗಳು ಕಂಪನಿಯ ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ.

ಹಾಗಾಗಿ ಸಂಪರ್ಕ ಪಡೆಯುವ ಮೊದಲೇ ಕೇಳಬೇಕಾದದ್ದು ಯಾವ ಕಂಪನಿಯ ಸೇವೆ ಎಂದು. ಇಂಟರ್ನೆಟ್ ಸೇವೆ ಮಾರಲು ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕೇ ಬೇಕು. ಇಡೀ ದೇಶಕ್ಕೆ, ಒಂದು ದೂರಸಂಪರ್ಕ ವೃತ್ತಕ್ಕೆ, ಇಲ್ಲವೇ ಅದಕ್ಕಿಂತ ಸಣ್ಣ ಪ್ರದೇಶಕ್ಕೆ ಎಂದು ಎ, ಬಿ, ಸಿ ವರ್ಗದ ಪರವಾನಗಿಗಳಿವೆ. ಊರಿನ ಆಪರೇಟರ್ ಸಾಮಾನ್ಯವಾಗಿ ಇಂಥ ಒಂದು ಕಂಪನಿಯ ಫ್ರಾಂಚೈಸಿ. ಬಿಎಸ್‌ಎನ್‌ಎಲ್‌ನ ಫೈಬರ್ ಸಂಪರ್ಕ ಕೂಡ ಬಹಳ ಕಡೆ ಸ್ಥಳೀಯ ಪಾಲುದಾರರ ಮೂಲಕವೇ ಮನೆ ಸೇರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಆಪರೇಟರ್ ಸಿಕ್ಕರೆ ಅದೇ ಅನುಕೂಲ. ಆದರೆ ನಿಮ್ಮ ಒಪ್ಪಂದ ಕಂಪನಿಯ ಜೊತೆಗಿರಬೇಕು. ಅರ್ಜಿ ನಮೂನೆಯಲ್ಲಿ ಕಂಪನಿಯ ಹೆಸರಿರಲಿ, ಗುರುತಿನ ಚೀಟಿ ಪಡೆದು ನಿಮ್ಮ ಹೆಸರಿನಲ್ಲೇ ಗ್ರಾಹಕ ಸಂಖ್ಯೆ ಕೊಡಲಿ, ಬಿಲ್ಲಿನಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆಯೂ ಶೇ 18ರ ತೆರಿಗೆಯೂ ಪ್ರತ್ಯೇಕವಾಗಿ ಕಾಣಲಿ. ಕಂಪನಿಯ ಹೆಸರನ್ನೇ ಹೇಳಲು ಹಿಂಜರಿಯುವವರಿಂದ ಸಂಪರ್ಕ ಪಡೆಯಬೇಡಿ. ಹಣ ಕೊಟ್ಟ ಮೇಲೆ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಯಾರದೋ ಸ್ವಂತ ಯುಪಿಐ ಖಾತೆಗೆ ಹಣ ಹಾಕಿ ಸುಮ್ಮನಾದರೆ, ಮುಂದೆ ಆ ಹಣ ಕಂಪನಿಗೆ ತಲುಪಿತ್ತೆಂದು ತೋರಿಸುವ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಇನ್ನೊಂದು ಸಣ್ಣ ಎಚ್ಚರ. ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಬರೆಸಿ. ಕೆಲಸ ಬೇಗ ಮುಗಿಯಲೆಂದು ಆಪರೇಟರ್ ತನ್ನ ನಂಬರ್ ಹಾಕಿಕೊಂಡಿದ್ದರೆ ದೂರಿನ ಸಂದೇಶ, ಬಿಲ್, ಡೇಟಾ ಎಚ್ಚರಿಕೆ ಎಲ್ಲವೂ ಅವನಿಗೇ ಹೋಗುತ್ತವೆ.

ಪ್ಲಾನ್ ಆರಿಸುವಾಗ ಬೆಲೆಯ ಜೊತೆಗೆ ಮೂರು ಸಂಗತಿಗಳನ್ನು ಬರಹದಲ್ಲಿ ಪಡೆಯಿರಿ: ವೇಗ ಎಷ್ಟು, ಎಷ್ಟು ಡೇಟಾದವರೆಗೆ ಆ ವೇಗ, ಮುಗಿದ ಮೇಲೆ ಎಷ್ಟು. ‘ಅನ್‌ಲಿಮಿಟೆಡ್’ ಎಂದು ಮಾರುವ ಪ್ಲಾನ್‌ಗಳಿಗೂ ಮಿತಿ ಇರುವುದುಂಟು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಈ ಮೂರನ್ನೂ ಕಂಪನಿ ಮುಚ್ಚಿಡುವಂತಿಲ್ಲ. ಡೇಟಾ ಶೇ 50, ಶೇ 90 ಮತ್ತು ಶೇ 100 ಖರ್ಚಾದಾಗ ಮನೆಯ ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ತಿಳಿಸಲೇಬೇಕು. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗ 2023ರ ಜನವರಿಯಿಂದ 2 ಎಂಬಿಪಿಎಸ್. ಅದಕ್ಕೂ ಮೊದಲು ಅದು 512 ಕೆಬಿಪಿಎಸ್ ಇತ್ತು. ಕಂಪನಿಗಳ ದರಗಳನ್ನು ಹೋಲಿಸಿ ನೋಡಲು ಟ್ರಾಯ್‌ನದೇ ಒಂದು ಜಾಲತಾಣವಿದೆ. ಏಜೆಂಟರ ಮಾತಿಗಿಂತ ಅದನ್ನು ನಂಬಬಹುದು.

ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಉಚಿತ ಎಂಬ ಆಮಿಷ ಸಾಮಾನ್ಯ. ಹೊಸ ಕಂಪನಿಯಾದರೆ ಮೊದಲು ಒಂದೆರಡು ತಿಂಗಳು ಬಳಸಿ ನೋಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸೇವೆ ಕೆಟ್ಟಾಗ ಬೇರೆ ಕಂಪನಿಗೆ ಹೋಗುವ ಸ್ವಾತಂತ್ರ್ಯ ಗ್ರಾಹಕರ ಕೈಯಲ್ಲಿರುವ ದೊಡ್ಡ ಬಲ. ಮುಂಗಡ ಕಟ್ಟಿದ ದಿನ ಅದನ್ನು ಬಿಟ್ಟುಕೊಟ್ಟಂತೆ.

ಹಣ ಕಟ್ಟಿದ ಮೇಲೆ ಏಳು ದಿನಗಳೊಳಗೆ ಸಂಪರ್ಕ ಕೊಡಬೇಕು ಎನ್ನುತ್ತದೆ ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮ. 2024ರ ಆಗಸ್ಟ್‌ನಲ್ಲಿ ಹೊರಬಂದ ಈ ಹೊಸ ನಿಯಮಗಳು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದಿವೆ. ಸಂಪರ್ಕ ಕೊಟ್ಟು ಹೋಗುವವರ ಎದುರಿಗೇ ವೇಗ ಅಳೆಯಿರಿ. ವೈಫೈಯಲ್ಲಿ ಬೇಡ, ಸಾಧ್ಯವಾದರೆ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ ಅಳೆಯಿರಿ. ಗೋಡೆ ಅಡ್ಡ ಬಂದು ವೈಫೈ ಸೊರಗಿದ್ದನ್ನು ಕಂಪನಿಯ ತಪ್ಪೆಂದು ಸಾಧಿಸುವುದು ಕಷ್ಟ. ಹಾಗೆಯೇ 100 ಎಂಬಿಪಿಎಸ್ ಪ್ಲಾನ್‌ನಲ್ಲಿ ಒಂದು ಸೆಕೆಂಡಿಗೆ ಇಳಿಯುವುದು ಸುಮಾರು 12.5 ಮೆಗಾಬೈಟ್. ಬಿಟ್ ಮತ್ತು ಬೈಟ್‌ಗೆ ಎಂಟು ಪಟ್ಟು ಅಂತರ. ಇದನ್ನು ಗಮನಿಸದೆ ಕೊಟ್ಟ ದೂರು ನಿಲ್ಲುವುದಿಲ್ಲ. ರೂಟರ್‌ಗೆ, ಫೈಬರ್ ಪೆಟ್ಟಿಗೆಗೆ ಠೇವಣಿ ಪಡೆದಿದ್ದರೆ ಅದು ಮರಳಿ ಬರುವ ಹಣವೋ ಅಲ್ಲವೋ ಎಂಬುದು ರಸೀದಿಯಲ್ಲಿರಬೇಕು.

ಅದೇ ದಿನ ವೈಫೈ ಪಾಸ್‌ವರ್ಡ್ ಬದಲಿಸಿ. ಇದೂ ಕಾನೂನಿನ ಮಾತೇ. 2008ರ ಜುಲೈನಲ್ಲಿ ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಹೋದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು ಮುಟ್ಟಿದ್ದು ನವಿ ಮುಂಬೈಯ ಒಂದು ಮನೆಯ ವೈಫೈಗೆ. ನಿಮ್ಮ ಸಂಪರ್ಕದಿಂದ ಯಾರೇ ಏನೇ ಮಾಡಿದರೂ ತನಿಖಾಧಿಕಾರಿ ಮೊದಲು ಬರುವುದು ಅರ್ಜಿಯಲ್ಲಿ ಹೆಸರಿರುವವರ ಬಾಗಿಲಿಗೆ.

ಈಗ ಲೈನ್ ಕೆಟ್ಟ ದಿನಕ್ಕೆ ಬರೋಣ. ಆಪರೇಟರ್‌ಗೆ ಫೋನ್ ಮಾಡಬೇಡಿ ಎನ್ನುತ್ತಿಲ್ಲ, ಬಹಳ ಸಲ ಅವರೇ ಬೇಗ ಸರಿಮಾಡುತ್ತಾರೆ. ಆದರೆ ಅದಕ್ಕೂ ಮೊದಲು ಕಂಪನಿಯ ಸಹಾಯವಾಣಿ ಅಥವಾ ಆ್ಯಪ್‌ನಲ್ಲಿ ದೂರು ದಾಖಲಿಸಿ. 2012ರ ದೂರಸಂಪರ್ಕ ಗ್ರಾಹಕರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಒಂದು ಡಾಕೆಟ್ ನಂಬರ್ ಕೊಡಬೇಕು. ಸಮಯ, ದಿನಾಂಕ, ನಂಬರ್ ಬರೆದಿಡಿ. ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಅದರ ಫೋಟೊ ತೆಗೆದಿಡಿ. ದೋಷ ನಿಮ್ಮ ರೂಟರಿನದೋ ಅವರ ತಂತಿಯದೋ ಎಂಬ ವಾದ ಬಂದಾಗ ಆ ಚಿತ್ರ ಉಪಯೋಗಕ್ಕೆ ಬರುತ್ತದೆ. ಸರಿಪಡಿಸದೆಯೇ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬರುವುದುಂಟು. ಆಗ ಸುಮ್ಮನಿರದೆ ಆಗಿಲ್ಲವೆಂದು ಅಂದೇ ಬರೆದು ಕಳಿಸಿ.

ದೋಷ ಸರಿಪಡಿಸಲು ಮೂರು ದಿನ ಮೀರಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2024ರ ನಿಯಮ ಹೇಳುತ್ತದೆ. ಪೋಸ್ಟ್‌ಪೇಯ್ಡ್, ಪ್ರೀಪೇಯ್ಡ್ ಇಬ್ಬರಿಗೂ ಈ ಹಕ್ಕಿದೆ. ಬಿಲ್ಲಿನಲ್ಲಿ ಅದು ತಾನಾಗಿ ಕಾಣದಿದ್ದರೆ ಡಾಕೆಟ್ ನಂಬರ್ ನಮೂದಿಸಿ ಕೇಳಿ. ‘ನಿಮ್ಮ ದೂರು ನಮ್ಮಲ್ಲಿ ದಾಖಲಾಗಿಲ್ಲ’ ಎಂಬ ಉತ್ತರಕ್ಕೆ ಆಗ ಜಾಗವಿರುವುದಿಲ್ಲ.

ದೂರಿಗೆ ಪರಿಹಾರ ಸಿಗದಿದ್ದರೆ, ಸಿಕ್ಕಿದ್ದು ಸಮಾಧಾನ ತರದಿದ್ದರೆ, ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರು ಪರಿಹಾರದ ಗಡುವು ಮುಗಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು, 39 ದಿನಗಳೊಳಗೆ ತೀರ್ಮಾನವಾಗಬೇಕು, ಶುಲ್ಕವಿಲ್ಲ. ಹೆಚ್ಚಿನ ಗ್ರಾಹಕರಿಗೆ ಈ ಮೆಟ್ಟಿಲು ಇರುವುದೇ ಗೊತ್ತಿಲ್ಲ. ಟ್ರಾಯ್‌ಗೇ ನೇರ ಬರೆಯುವವರು ಬಹಳ ಮಂದಿ. ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬ ಗ್ರಾಹಕರ ವ್ಯಾಜ್ಯ ತೀರಿಸುವುದಿಲ್ಲ. ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗದ 1063, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗಳು ಮಾತ್ರ ನಿಜಕ್ಕೂ ಉಪಯುಕ್ತ. ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಮಾಹಿತಿ ಹಕ್ಕಿನ ಅರ್ಜಿಯ ದಾರಿಯೂ ಇದೆ, ಏಕೆಂದರೆ ಅದು ಸರ್ಕಾರಿ ಸಂಸ್ಥೆ.

ಇಷ್ಟಕ್ಕೂ ಬಗೆಹರಿಯದಿದ್ದರೆ ಉಳಿಯುವುದು ಗ್ರಾಹಕ ಆಯೋಗ. ದೂರವಾಣಿ, ಇಂಟರ್ನೆಟ್ ಜಗಳಗಳಿಗೆ ಗ್ರಾಹಕ ನ್ಯಾಯಾಲಯದಲ್ಲಿ ಅವಕಾಶವಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಹಾಗೆಯೇ ಇತ್ತು. ಆದರೆ 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಟೆಲಿಗ್ರಾಫ್ ಕಾಯ್ದೆಯಿಂದ ಗ್ರಾಹಕ ವೇದಿಕೆಗಳ ಅಧಿಕಾರಕ್ಕೆ ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. 2019ರ ಕಾಯ್ದೆ ‘ಸೇವೆ’ಯ ವ್ಯಾಖ್ಯೆಯಲ್ಲೇ ದೂರಸಂಪರ್ಕವನ್ನು ಹೆಸರಿಸಿದೆ. 2023ರ ದೂರಸಂಪರ್ಕ ಕಾಯ್ದೆಯೂ ಆ ಹಕ್ಕನ್ನು ಉಳಿಸಿದೆ. ಕಂಪನಿಯ ವಕೀಲರು ಹಳೆಯ ತೀರ್ಪು ತೋರಿಸಿದರೆ ಎದೆಗುಂದಬೇಡಿ.

ದೂರನ್ನು ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೇ ಸಲ್ಲಿಸಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಯಾದಗಿರಿಯವರು ಯಾದಗಿರಿಯಲ್ಲೇ ಕೇಳಬಹುದು. ವಕೀಲರು ಕಡ್ಡಾಯವಲ್ಲ. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಮನೆಯ ಬ್ರಾಡ್‌ಬ್ಯಾಂಡ್ ಎಂದಿಗೂ ಆ ಮಿತಿ ದಾಟುವುದಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ನೋಟಿಸ್ ತಲುಪಿದ ಮೇಲೆ ಕಂಪನಿಗೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ ಮಾತ್ರ. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ತೀರ್ಮಾನಿಸಿದೆ.

ದೂರಿನ ಜೊತೆ ಅರ್ಜಿಯ ನಕಲು, ಬಿಲ್ಲುಗಳು, ಡಾಕೆಟ್ ನಂಬರ್ ಇರುವ ಸಂದೇಶಗಳ ಪ್ರತಿ, ಮೇಲ್ಮನವಿ ಮತ್ತು ಅದರ ಉತ್ತರ ಇರಲಿ. ಪರಿಹಾರವನ್ನು ಲೆಕ್ಕ ಹಾಕಿ ಕೇಳಿ: ಸೇವೆ ಇಲ್ಲದ ದಿನಗಳ ಹಣ, ಪರ್ಯಾಯವಾಗಿ ಮೊಬೈಲ್ ಡೇಟಾಕ್ಕೆ ಆದ ಖರ್ಚು, ಆದ ತೊಂದರೆಗೆ ಇಷ್ಟು, ದಾವೆಯ ವೆಚ್ಚ ಇಷ್ಟು ಎಂದು. ಆಧಾರವಿಲ್ಲದೆ ಐದು ಲಕ್ಷ ಕೇಳುವುದಕ್ಕಿಂತ ರಸೀದಿ ಇಟ್ಟು ಐದು ಸಾವಿರ ಕೇಳುವ ದೂರು ಗಟ್ಟಿ. ವ್ಯಾಪಾರಕ್ಕೆಂದು ಪಡೆದ ಸಂಪರ್ಕಕ್ಕೆ ಈ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವ ಜೆರಾಕ್ಸ್ ಅಂಗಡಿಯವರು, ಮನೆಯಲ್ಲೇ ಟ್ಯೂಷನ್ ಹೇಳುವವರು ಗ್ರಾಹಕರೇ.

ಸಂಪರ್ಕ ಬಿಡುವಾಗಲೂ ಇದೇ ಶಿಸ್ತು ಬೇಕು. ಬರಹದಲ್ಲಿ ಕೋರಿಕೆ ಕೊಟ್ಟು ನಂಬರ್ ಪಡೆಯಿರಿ, ರೂಟರ್ ಮರಳಿಸಿದ್ದಕ್ಕೆ ಸಹಿ ಇರುವ ಚೀಟಿ ತೆಗೆದುಕೊಳ್ಳಿ, ಬ್ಯಾಂಕಿನ ಆಟೊ ಪಾವತಿ ನಿಲ್ಲಿಸಿ. ವರ್ಷ ಕಳೆದ ಮೇಲೆ ವಸೂಲಿ ಏಜೆಂಟ್ ಬಾಕಿ ಕೇಳಿ ಕರೆ ಮಾಡಿದರೆ ಉತ್ತರ ಕೊಡುವುದು ಆ ಚೀಟಿ.

ಒಂದು ಬೀದಿ, ಒಂದು ಅಪಾರ್ಟ್‌ಮೆಂಟಿಗೇ ಸೇವೆ ಕೈಕೊಟ್ಟಿದ್ದರೆ ಪ್ರತಿಯೊಬ್ಬರೂ ಬೇರೆ ಬೇರೆ ಅಲೆಯಬೇಕಿಲ್ಲ. ಒಂದೇ ಬಗೆಯ ತೊಂದರೆಯುಳ್ಳ ಗ್ರಾಹಕರು ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಸಲ್ಲಿಸಲು ಕಾಯ್ದೆಯ 35ನೇ ಕಲಂ ಅವಕಾಶ ಕೊಟ್ಟಿದೆ. ನೋಂದಾಯಿತ ಗ್ರಾಹಕ ಸಂಘಗಳೂ ನಿಮ್ಮ ಪರವಾಗಿ ಹೋಗಬಹುದು. ನೆರೆಮನೆಯ ಹಿರಿಯರಿಗೆ ಆ್ಯಪ್ ಬಳಸಲು, ಸಹಾಯವಾಣಿಯಲ್ಲಿ ಮಾತಾಡಲು ಕಷ್ಟವಾದರೆ ಅವರ ದೂರನ್ನು ನೀವೇ ದಾಖಲಿಸಿಕೊಟ್ಟು, ನಂಬರನ್ನು ಅವರ ಕ್ಯಾಲೆಂಡರಿನ ಮೇಲೆ ಬರೆದು ಬನ್ನಿ.