ಎರಡರಿಂದ ಗುಣಿಸಿ, ಎರಡರಿಂದ ಭಾಗಿಸಿದಾಗ

ಒಂದು ಸಂಖ್ಯೆಯನ್ನು ಎರಡರಿಂದ ಗುಣಿಸಿ ಮತ್ತೆ ಎರಡರಿಂದಲೇ ಭಾಗಿಸಿದರೆ ಏನು ಉಳಿಯುತ್ತದೆ? ಅದೇ ಸಂಖ್ಯೆ ಎಂದು ಶಾಲೆಯ ಮಗುವೂ ಹೇಳೀತು. ಕಂಪೈಲರ್ ಮಾತ್ರ ಹಾಗೆ ಕಣ್ಣು ಮುಚ್ಚಿ ಹೇಳುವಂತಿಲ್ಲ. ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿ 2147483648ನ್ನು ಇಮ್ಮಡಿ ಮಾಡಿದರೆ ಮೇಲಿನ ಬಿಟ್ ಉದುರಿಹೋಗಿ ಸೊನ್ನೆಯಾಗುತ್ತದೆ. ಆಮೇಲೆ ಭಾಗಿಸಿದರೂ ಸೊನ್ನೆಯೇ. ಸಿ ಭಾಷೆಯ ಚಿಹ್ನೆಸಹಿತ ಪೂರ್ಣಾಂಕದ ಕಥೆ ಬೇರೆ. ಅಲ್ಲಿ ಓವರ್‌ಫ್ಲೋ ಆಗಕೂಡದೆಂಬ ಹೊಣೆ ಪ್ರೋಗ್ರಾಮರನದು. ಹಾಗಾಗಿ ಎರಡೂ ಇನ್‌ಸ್ಟ್ರಕ್ಷನ್‌ಗಳನ್ನು ನಿಶ್ಚಿಂತೆಯಿಂದ ಕಿತ್ತುಹಾಕಬಹುದು.

ಈ ಬಗೆಯ ಸಣ್ಣ ದುರಸ್ತಿಗೆ ಪೀಪ್‌ಹೋಲ್ ಆಪ್ಟಿಮೈಸೇಷನ್ ಎಂಬ ಹೆಸರು ವಿಲಿಯಂ ಮ್ಯಾಕೀಮನ್ 1965ರಲ್ಲಿ ಬರೆದ ಲೇಖನದಿಂದ ಬಂತು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟಿನಲ್ಲಿ ಈ ಕೆಲಸದ ಬಹುಪಾಲು ಇನ್‌ಸ್ಟ್‌ಕಂಬೈನ್ ಎಂಬ ಭಾಗದ್ದು. ಅಲ್ಲಿಗೆ ಹೊಸ ನಿಯಮ ಸೇರಿಸಲು ಹೊರಟವರು ಮೊದಲು ಎಡವುವುದು ಗಣಿತದಲ್ಲಲ್ಲ, ಇನ್‌ಸ್ಟ್ರಕ್ಷನ್‌ಗಳ ಎಣಿಕೆಯಲ್ಲಿ ಎಂಬುದು ನಾನು ಕಂಡುಕೊಂಡ ಮಾತು.

ಉದಾಹರಣೆಗೆ ಎ, ಸಿ ಎರಡರ ಬಿಟ್‌ವಾರು ‘ಆಂಡ್’. ಬಿ, ಸಿ ಎರಡರ ‘ಆಂಡ್’. ಆ ಎರಡು ಫಲಿತಾಂಶಗಳ ‘ಆರ್’. ಒಟ್ಟು ಮೂರು ಇನ್‌ಸ್ಟ್ರಕ್ಷನ್. ಎ, ಬಿಗಳನ್ನು ಮೊದಲೇ ‘ಆರ್’ ಮಾಡಿ ಆಮೇಲೆ ಸಿ ಜೊತೆ ‘ಆಂಡ್’ ಮಾಡಿದರೆ ಎರಡೇ ಸಾಕು. ಉಳಿತಾಯವೇನೋ ಸರಿ. ಆದರೆ ಆ ಎರಡು ‘ಆಂಡ್’ಗಳ ಫಲಿತಾಂಶ ಮುಂದೆ ಇನ್ನೆಲ್ಲೋ ಬಳಕೆಯಾಗುತ್ತಿದ್ದರೆ? ಹಳೆಯವನ್ನು ತೆಗೆಯುವಂತಿಲ್ಲ, ಹೊಸವು ಎರಡು ಬಂದು ಕೂತವು, ಮೂರಿದ್ದದ್ದು ನಾಲ್ಕಾಯಿತು! ‘ಇದನ್ನು ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ’ ಎಂಬ ಪರೀಕ್ಷೆ ಇನ್‌ಸ್ಟ್‌ಕಂಬೈನ್‌ನ ಕೋಡಿನಲ್ಲಿ ಹೆಜ್ಜೆಹೆಜ್ಜೆಗೂ ಕಾಣುವುದು ಇದಕ್ಕೇ.

ಇನ್ನೊಂದು ತಲೆನೋವು ನಿಯಮಗಳ ಜಗಳ. ಒಂದು ನಿಯಮ ಬರೆದದ್ದನ್ನು ಇನ್ನೊಂದು ತಿರುಗಿಸಿ ಬರೆಯತೊಡಗಿದರೆ ಕಂಪೈಲರ್ ಸುತ್ತುತ್ತಲೇ ಇರುತ್ತದೆ, ಪ್ರೋಗ್ರಾಮ್ ಹೊರಬರುವುದೇ ಇಲ್ಲ. ಇದಕ್ಕೆ ಮದ್ದೆಂದರೆ ಪ್ರತಿಯೊಂದಕ್ಕೂ ಒಂದೇ ಪ್ರಮಾಣಿತ ರೂಪ ಗೊತ್ತುಮಾಡುವುದು. ‘5 ಕಳೆ’ ಎಂಬುದನ್ನು ಎಲ್‌ಎಲ್‌ವಿಎಂ ‘–5 ಕೂಡು’ ಎಂದು ಬರೆದುಕೊಳ್ಳುತ್ತದೆ. ಎಂಟರ ಗುಣಾಕಾರ ಮೂರು ಬಿಟ್‌ಗಳ ಎಡಸರಿತವಾಗುತ್ತದೆ. ವೇಗ ಹೆಚ್ಚಲೆಂದು ಮಾತ್ರವಲ್ಲ, ಮುಂದಿನ ನಿಯಮಗಳು ಒಂದೇ ಆಕಾರವನ್ನು ಹುಡುಕಿದರೆ ಸಾಕು ಎಂಬುದಕ್ಕೂ.

ಭಾಗಾಕಾರದಲ್ಲಿ ಇನ್ನೂ ಎಚ್ಚರ ಬೇಕು. –1ನ್ನು ಎಂಟರಿಂದ ಭಾಗಿಸಿದರೆ ಸಿ ಭಾಷೆಯಲ್ಲಿ ಸೊನ್ನೆ, ಚಿಹ್ನೆ ಉಳಿಸಿಕೊಂಡು ಮೂರು ಬಿಟ್ ಬಲಕ್ಕೆ ಸರಿಸಿದರೆ –1. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದನ್ನು ಸುಮ್ಮನೆ ತಂದಿಡುವಂತಿಲ್ಲ.

ಪಳಗಿದವರೂ ತಪ್ಪುತ್ತಾರೆ. ನೂನೋ ಲೋಪೆಸ್, ಡೇವಿಡ್ ಮೆನೆಂಡೆಜ್, ಸಂತೋಷ್ ನಾಗರಕಟ್ಟೆ, ಜಾನ್ ರೆಗರ್ 2015ರಲ್ಲಿ ಆಲೈವ್ ಎಂಬ ಸಾಧನ ಪ್ರಕಟಿಸಿದರು. ನಿಯಮ ಎಲ್ಲ ಬೆಲೆಗಳಿಗೂ ಸರಿಯೇ ಎಂದು ಅದು ತರ್ಕದಿಂದ ಸಾಧಿಸಿ ತೋರಿಸುತ್ತದೆ. ಸರಿಯಿಲ್ಲದಿದ್ದರೆ ಕೆಡುವ ಬೆಲೆಯನ್ನೇ ಎತ್ತಿ ಕೊಡುತ್ತದೆ. ಎಲ್‌ಎಲ್‌ವಿಎಂನ ಮುನ್ನೂರಕ್ಕೂ ಹೆಚ್ಚು ನಿಯಮಗಳನ್ನು ಒರೆಗೆ ಹಚ್ಚಿದಾಗ ಎಂಟು ತಪ್ಪೆಂದು ಸಿಕ್ಕಿಬಿದ್ದವು. ಈಗ ಇನ್‌ಸ್ಟ್‌ಕಂಬೈನ್‌ಗೆ ಹೊಸ ನಿಯಮ ತರುವವರು ಆಲೈವ್‌ನ ಮುಂದಿನ ರೂಪವಾದ ಆಲೈವ್2ರ ಪುರಾವೆಯನ್ನೂ, ನಿಯಮ ಅನ್ವಯವಾಗಬಾರದ ಸಂದರ್ಭಗಳ ಪರೀಕ್ಷೆಗಳನ್ನೂ ಜೊತೆಗೇ ಕೊಡಬೇಕೆಂದು ಕೇಳುತ್ತಾರೆ.